ಅತ್ತೆಯ ಹೆಸರಿನ ಅಡಿಟಿಪ್ಪಣಿ

ವಿಶ್ವವಿದ್ಯಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಗೇಟಿನತ್ತಲೇ ನೋಡುತ್ತಿದ್ದರು. ಅವರ ಸೊಸೆ ದಪ್ಪನೆಯ ಪಿಎಚ್.ಡಿ. ಪ್ರಬಂಧವನ್ನು ಎದೆಗವಚಿಕೊಂಡು ಓಡಿ ಬಂದಳು.

“ಪಾಸಾ?”

“ಪಾಸು ಅತ್ತೆ! ಮೌಖಿಕ ಪರೀಕ್ಷೇಲಿ ಒಂದು ಪ್ರಶ್ನೆಗೆ ಮಾತ್ರ ಸಿಕ್ಕಿಹಾಕ್ಕೊಂಡಿದ್ದೆ.”

“ಏನು ಕೇಳಿದ್ರು?”

“ನನ್ನ ಪ್ರಬಂಧದ ಇಂಗ್ಲಿಷ್ ಲೇಖಕಿ ಪ್ರತಿ ಕಾದಂಬರೀನೂ ಮದುವೆಗೇ ಯಾಕೆ ಮುಗಿಸ್ತಾಳೆ ಅಂತ. ವರ್ಷಗಟ್ಟಲೆ ಓದಿದ್ದೆಲ್ಲ ತಲೆಯಿಂದ ಹಾರಿಹೋಯ್ತು. ಬಟ್ಟೆ ಮಡಚ್ತಾ ನೀವು ಹೇಳಿದ್ದೊಂದೇ ನೆನಪಾಯ್ತು.”

“ನಾನೇನು ಹೇಳಿದ್ದೆ?”

“ಮದುವೆ ಆದ್ಮೇಲೆ ಏನಾಗುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅಲ್ಲಿಗೇ ನಿಲ್ಲಿಸಿದ್ಲು ಅಂತ.”

“ಅಯ್ಯೋ, ಅದನ್ನ ಹೇಳಿಬಿಟ್ಯಾ!”

“ಬಾಯಿಗೆ ಬಂದ್ಬಿಡ್ತು. ಯಾವ ವಿಮರ್ಶಕರ ಮಾತು ಅಂತ ಕೇಳಿದ್ರು. ನಮ್ಮತ್ತೇದು ಅಂದೆ.”

“ಬೈದ್ರಾ?”

“ಪರೀಕ್ಷಕಿ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡ್ರು. ಡಾಕ್ಟರೇಟ್ ಕೊಡ್ತೀವಿ, ಆದ್ರೆ ಅತ್ತೆ ಹೆಸರು ಹಾಕಿ ಈ ಮಾತನ್ನ ಅಡಿಟಿಪ್ಪಣಿಯಲ್ಲಿ ಸೇರಿಸಿ ಅಂದ್ರು.”

ಅತ್ತೆ ಆಗ ನಿರಾಳವಾಗಿ ಉಸಿರು ಬಿಟ್ಟರು. ಅವರ ಬಸ್ಸು ಬಂತು.

“ಧಾರಾಳವಾಗಿ ಸೇರಿಸಮ್ಮಾ,” ಅಂದರು ಮೆಟ್ಟಿಲು ಹತ್ತುತ್ತಾ. “ಆ ಪುಟ ಮಾತ್ರ ನಿಮ್ಮ ಮಾವನ ಕಣ್ಣಿಗೆ ಬೀಳದ ಹಾಗೆ ನೋಡ್ಕೋ.”