ಇಳಿದರೆ ಆರುವ ದೀಪ

ಶರಣು, ತಾಯಂದಿರೇ. ಈ ಸೋಮವಾರ "ತನ್ನನ್ನು ತಾನು ನೋಡಿಕೊಳ್ಳುವುದು" ಎಂಬ ವಿಷಯದ ಮೇಲೆ ಮಾತಾಡು ಎಂದು ನಮ್ಮ ಅಕ್ಕನ ಬಳಗದವರು ಹೇಳಿದ್ದಾರೆ. ಇಂಥ ವಿಷಯಕ್ಕೆ ದೊಡ್ಡ ಪ್ರವಚನಕಾರರು ಯಾವುದೋ ಊರಿನ ಶ್ರೀಮಂತನನ್ನು ಕರೆತರುತ್ತಾರೆ. ನನಗೆ ಶ್ರೀಮಂತರ ಪರಿಚಯ ಕಡಿಮೆ. ವ್ಯಾನ್ ಇರುವ ಒಬ್ಬ ಹೆಂಗಸು ಗೊತ್ತು, ಅವಳನ್ನೇ ಕರೆತರುತ್ತೇನೆ.

ಒಂದೂರಲ್ಲಿ ಒಬ್ಬ ಹೆಂಗಸು ಇದ್ದಳು. ಹಳೆಯ ವ್ಯಾನಿನಲ್ಲಿ ಓಣಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು ಅವಳ ಕೆಲಸ. ನೀಲಗಂಗಕ್ಕ, ನೀವು ಆಗಲೇ ನಗುತ್ತಿದ್ದೀರಿ. ಹೌದು, ಆ ಊರು ಇದೇ, ಆ ಹೆಂಗಸು ನಾನೇ. ಆದರೂ "ಅವಳು" ಎಂದೇ ಹೇಳುತ್ತೇನೆ. ನಮ್ಮನ್ನು ನಾವು ಬೈದುಕೊಳ್ಳುವಾಗ "ಅವಳು" ಎಂದರೆ ಪೆಟ್ಟು ಸ್ವಲ್ಪ ಮೆತ್ತಗೆ ಬೀಳುತ್ತದೆ.

ಹಳೆಯ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಆರ್‌ಟಿಒ ಸಾಹೇಬರು ಗಾಡಿ ನೋಡಿ "ರಸ್ತೆಗೆ ಯೋಗ್ಯ" ಎಂದು ಬರೆದುಕೊಟ್ಟರೆ ಮಾತ್ರ ಮಕ್ಕಳನ್ನು ಕೂರಿಸಬಹುದು. ಹೋದ ಮೇ ತಿಂಗಳಲ್ಲಿ ಸೋಮವಾರ ಅವಳ ಎಫ್‌ಸಿ, ಬುಧವಾರ ಶಾಲೆ ಶುರು. ನಡುವೆ ಉಳಿಯುವುದು ಒಂದೇ ದಿನ. ಫೇಲಾದರೆ ಮಕ್ಕಳೆಲ್ಲ ಬೇರೆ ಗಾಡಿ ಹತ್ತುತ್ತಾರೆ, ಮತ್ತೆ ಇಳಿದು ಬರುವುದಿಲ್ಲ.

ಅದಕ್ಕೇ ಭಾನುವಾರ ಬೆಳಿಗ್ಗೆ ತಾನೇ ಗಾಡಿ ಪರೀಕ್ಷಿಸಲು ನಿಂತಳು. ಹಾರ್ನ್ ಸರಿ, ವೈಪರ್ ಸರಿ. ಟೈರಿನ ಗೆರೆಯನ್ನು ಬೆರಳಿಟ್ಟು ನೋಡಿದಳು. ದೀಪ ಹಾಕಿ, ಇಳಿದು, ಮುಂದೆ ಹೋಗಿ ನೋಡಿದಳು, ಉರಿಯುತ್ತಿತ್ತು. ಇಂಡಿಕೇಟರ್ ಹಾಕಿ, ಇಳಿದು, ಸುತ್ತು ಹೊಡೆದು ನೋಡಿದಳು, ಮಿಟುಕುತ್ತಿತ್ತು. ಮುಂದಿನ ಗಾಜಿಗೆ ಮೂರೆಳೆ ವಿಭೂತಿಯನ್ನೂ ಎಳೆದಳು. ಅದನ್ನು ಸಾಹೇಬರು ಕೇಳುವುದಿಲ್ಲ, ಇವಳ ಸಮಾಧಾನಕ್ಕೆ.

ಉಳಿದದ್ದು ಒಂದೇ. ಬ್ರೇಕ್ ಒತ್ತಿದಾಗ ಹಿಂದೆ ಉರಿಯುವ ಕೆಂಪು ದೀಪ. ಈ ದೀಪದ ಸ್ವಭಾವವೇ ಬೇರೆ, ನೋಡಿ. ಕಾಲು ಒತ್ತಿದರೆ ಉರಿಯುತ್ತದೆ, ನೋಡೋಣವೆಂದು ಇಳಿದರೆ ಆರುತ್ತದೆ. ಒಬ್ಬರು ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ಹೇಳಬೇಕು.

ಗಂಡ ಕೆಲಸಕ್ಕೆ ಹೋಗಿದ್ದ. ಅಂಗಳದಲ್ಲಿ ಇನ್ನೊಬ್ಬರಿರಲಿಲ್ಲವೇ? ಇದ್ದಳು. ನೆಗೆಣ್ಣಿ, ಮೈದುನನ ಹೆಂಡತಿ, ಹತ್ತು ಹೆಜ್ಜೆ ದೂರದಲ್ಲಿ ಸಂಡಿಗೆ ಒಣಹಾಕುತ್ತಿದ್ದಳು. ಆದರೆ ಇವರಿಬ್ಬರ ನಡುವೆ ಮಾತು ನಿಂತು ಎಂಟು ತಿಂಗಳಾಗಿತ್ತು. ಕಾರಣ? ಒಬ್ಬ ಬಸುರಿಯ ಕುಬುಸದ ಮನೆಯಲ್ಲಿ ನೆಗೆಣ್ಣಿ ಹತ್ತು ಜನರ ಮುಂದೆ, "ನಮ್ಮಕ್ಕ ಊರಿಗೆಲ್ಲಾ ಬುದ್ಧಿ ಹೇಳ್ತಾಳ, ತಾ ಮಾತ್ರ ಯಾರ ಮಾತೂ ಕೇಳೂದಿಲ್ಲ" ಎಂದಿದ್ದಳು. ಅದಕ್ಕೆ ಇವಳು ಏನು ಮಾಡಿದಳು? ಅವಳ ಮಾತು ಕೇಳುವುದನ್ನೇ ಬಿಟ್ಟಳು! ಆ ಎಂಟು ತಿಂಗಳಲ್ಲಿ ಇದೇ ವೇದಿಕೆಯಿಂದ ಕ್ಷಮೆಯ ಬಗ್ಗೆ ನಾಲ್ಕು ಪ್ರವಚನ ಮಾಡಿದಳು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ.

ಈಗ ಕೇಳುವುದು ಹೇಗೆ? ಒಳಗಿಂದ ರುಬ್ಬುವ ಗುಂಡುಕಲ್ಲು ತಂದು ಬ್ರೇಕಿನ ಮೇಲಿಟ್ಟಳು. ಹಿಂದೆ ಓಡುವಷ್ಟರಲ್ಲಿ ಅದು ಉರುಳಿತು. ಕಸಬರಿಗೆಯನ್ನು ಸೀಟಿಗೂ ಬ್ರೇಕಿಗೂ ನಡುವೆ ಗಟ್ಟಿಯಾಗಿ ಸಿಕ್ಕಿಸಿ ಮತ್ತೆ ಓಡಿದಳು. ದೀಪ ಉರಿಯಲಿಲ್ಲ. ತಪ್ಪು ಯಾರದು? ಕಸಬರಿಗೆಯದು! ಸರಿಯಾಗಿ ಒತ್ತಿಲ್ಲ ಎಂದು ಅದನ್ನೇ ಬೈದಳು.

ಆಗ ನೆಗೆಣ್ಣಿ ಗೋಡೆಯ ಮೇಲಿದ್ದ ಕಾಗೆಗೆ ಹೇಳಿದಳು: "ನೋಡವಾ ಕಾಗಕ್ಕ, ಇವತ್ತ ಕಸಬರಿಗಿ ಗಾಡಿ ಹೊಡಿಯಾಕತ್ತೈತಿ. ಲೈಸೆನ್ಸ್ ಐತೇನ ಕೇಳು."

ಇವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗು ಬಂತು. ನಗು ಬಂದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ.

"ಏ, ಸ್ವಲ್ಪ ಹಿಂದ ನಿಂತು ನೋಡ್ತಿಯೇನ? ಉರಿತೈತೋ ಇಲ್ಲೋ ಹೇಳು."

"ನೋಡೂದೇನೈತಿ? ಅದು ಸಂಕ್ರಾಂತಿಕಿಂತ ಮೊದಲ ಸತ್ತೈತಿ."

"ನಿಂಗ ಹೆಂಗ ಗೊತ್ತು?"

"ದಿನಾ ನಿನ್ನ ವ್ಯಾನಿನ ಹಿಂದ ಸ್ಕೂಟಿ ಮ್ಯಾಲ ಬರಾಕಿ ಯಾರು? ಎರಡು ಸಲ ಗುದ್ದೂದು ಸ್ವಲ್ಪದಾಗ ತಪ್ಪೇತಿ. ನಾ ಸಣ್ಣ ಗಾಡಿ, ನಿಂತೆ. ಹಿಂದ ಲಾರಿ ಇದ್ದಿದ್ರ?"

"ಮತ್ತ ಹೇಳಬೇಕಿಲ್ಲೇನ!"

"ಹೇಳಾಕ ಬಂದಿದ್ನಲ್ಲ. ನನ್ನ ನೋಡಿದಕೂಡ್ಲೆ ಫೋನ್ ಕಿವಿಗೆ ಹಿಡಕೊಂಡು ಒಳಗ ಹೋದಿ. ಯಾರೂ ಫೋನ್ ಮಾಡಿರಲಿಲ್ಲ ಅಕ್ಕಾ, ಫೋನ್ ತಲಿಕೆಳಗ ಹಿಡದಿದ್ದಿ."

ತಾಯಂದಿರೇ, ನಗಿರಿ, ನಗುವಂಥದ್ದೇ. ಆದರೆ ಅವಳಿಗೆ ಆಗ ನಗು ಬರಲಿಲ್ಲ. ವ್ಯಾನಿನ ಕೊನೆಯ ಸೀಟು ನೆನಪಾಯಿತು. ಅಲ್ಲಿ ಮೂರು ಮಕ್ಕಳು ಕೂರುತ್ತವೆ, ಬೆನ್ನನ್ನು ಹಿಂದಿನ ಬಾಗಿಲಿಗೇ ಒತ್ತಿಕೊಂಡು. ಸಂಕ್ರಾಂತಿಯಿಂದ ರಜೆಯವರೆಗೆ ಪ್ರತಿದಿನ ಕೂತಿದ್ದವು. ಎಫ್‌ಸಿಯ ಚಿಂತೆ ಒಮ್ಮೆಲೇ ಸಣ್ಣದಾಯಿತು. ಅಲ್ಲಿಯೇ ಕಟ್ಟೆಯ ಮೇಲೆ ಕೂತಳು. ನೆಗೆಣ್ಣಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ಮೆಕ್ಯಾನಿಕ್ ಬಂದು ನೋಡಿದ. ಹೋಗಿದ್ದದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಸ್ವಿಚ್. ಅರ್ಧ ತಾಸಿನ ಕೆಲಸ. ಇವಳು ಒತ್ತಿದಳು. ಹಿಂದಿನಿಂದ ನೆಗೆಣ್ಣಿ ಕೂಗಿದಳು, "ಉರೀತಕ್ಕಾ!" ಸೋಮವಾರ ಗಾಡಿ ಪಾಸಾಯಿತು. ಸಾಹೇಬರು ಪಾಸು ಮಾಡಿದ್ದು ಗಾಡಿಯನ್ನು ಮಾತ್ರ, ಅದನ್ನೂ ಹೇಳಿಬಿಡುತ್ತೇನೆ.

ಈಗ ನಿಮ್ಮ ಕಡೆ ತಿರುಗುತ್ತೇನೆ. ನಾವು ನಿತ್ಯ ಕನ್ನಡಿ ನೋಡುತ್ತೇವೆ, ಲಿಂಗಪೂಜೆ ಮಾಡುತ್ತೇವೆ, ರಾತ್ರಿ ಮಲಗುವ ಮುಂಚೆ "ಇವತ್ತು ನಾನು ಏನು ತಪ್ಪು ಮಾಡಿದೆ" ಎಂದು ಯೋಚಿಸುತ್ತೇವೆ. ಒಳ್ಳೆಯದೇ. ಆದರೆ ಅದೆಲ್ಲ ಇಳಿದು ನೋಡುವ ಪರೀಕ್ಷೆ. ಒಬ್ಬರೇ ಕೂತು ಯೋಚಿಸುವಾಗ ನಾವು ಎಷ್ಟು ಶಾಂತರು! ಸೊಸೆ ಹಾಲು ಉಕ್ಕಿಸಿದಾಗ, ಮಗಳು ಎದುರು ಮಾತಾಡಿದಾಗ, ಪಾತ್ರೆ ತೊಳೆಯುವವಳು ಎರಡು ದಿನ ಬಾರದೆ ಮೂರನೆಯ ದಿನ ಬಂದಾಗ, ಅಂದರೆ ಕಾಲು ಒತ್ತಿದಾಗ, ನಮ್ಮ ದೀಪ ಉರಿಯುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ನಮಗಲ್ಲ. ಹಿಂದೆ ಬರುವವರಿಗೆ ಗೊತ್ತು. ನಾವು ಮಾತು ಬಿಡುವುದೂ ಅವರೊಂದಿಗೇ.

ಹಾಗಾಗಿ ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮನ್ನು ಹೊಗಳುವವರನ್ನು ಬಿಡಿ. ಯಾರ ಮುಖ ಕಂಡರೆ ನಿಮಗೂ ಫೋನ್ ಬರುತ್ತದೋ ಅವರ ಹತ್ತಿರ ಹೋಗಿ ಕೇಳಿ: "ನನ್ನೊಳಗ ಯಾವುದು ಕೆಟ್ಟೈತಿ, ನಿನಗ ಕಾಣೂದು?" ಉತ್ತರ ಬಂದಾಗ "ಆದರ ನೀನೂ..." ಎನ್ನಬೇಡಿ. ಆ "ಆದರ" ಒಂದನ್ನು ನುಂಗಿ. ಉಪವಾಸಕ್ಕಿಂತ ಕಷ್ಟ ಅದು, ನಾನು ಎರಡನ್ನೂ ಮಾಡಿ ಹೇಳುತ್ತಿದ್ದೇನೆ.

ನನ್ನ ನೆಗೆಣ್ಣಿ ಅಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಆಗಿನಿಂದ ಕೈ ಎತ್ತಿದ್ದಾಳೆ, ನಾನು ಕಂಡೂ ಕಾಣದ ಹಾಗೆ ಮಾತಾಡುತ್ತಿದ್ದೇನೆ.

ಬಾರವಾ, ಮೈಕ್ ತಗೋ. ನಾ ಕುಂದರ್ತೀನಿ.