ಇದರಾಗ ರೈಲು ಇಲ್ರಿ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಸೀರೆಯ ವ್ಯಾಪಾರಸ್ಥರೂ ಆದ ಚಂದ್ರಶೇಖರಪ್ಪನವರೇ, ಬಾಗಲಕೋಟೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ನಮ್ಮ ಇಳಕಲ್ಲನ್ನು ನೆನಪಿಟ್ಟ ಮುಖ್ಯ ಅತಿಥಿಗಳು, ನಿವೃತ್ತ ಶಾಲಾ ತನಿಖಾಧಿಕಾರಿ ವಿರೂಪಾಕ್ಷಪ್ಪನವರೇ, ಮುಖ್ಯಗುರು ಅನಿಲಕುಮಾರ ಅವರೇ, ಇವತ್ತಿನ ಸನ್ಮಾನಕ್ಕೆ ಕಾರಣಳಾಗಿ, ಹಾರದ ಭಾರಕ್ಕೆ ತಲೆ ತಗ್ಗಿಸಿ ಕೂತಿರುವ ನಮ್ಮ ಹಳೆಯ ವಿದ್ಯಾರ್ಥಿನಿ ಪ್ರಿಯದರ್ಶಿನಿಯೇ, ಮಗ್ಗ ಬಿಟ್ಟು ಬಂದ ತಾಯಂದಿರೇ, ಮುದ್ದು ಮಕ್ಕಳೇ, ಕುರ್ಚಿ ಖಾಲಿ ಇದ್ದರೂ ಬಾಗಿಲಲ್ಲೇ ನಿಂತು ಚುರುಮುರಿ ತಿನ್ನುತ್ತಿರುವ ಸಭಿಕರೇ.

ಕಾರ್ಯಕ್ರಮ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಅಭಿನಂದನಾ ನುಡಿ, ಹತ್ತು ನಿಮಿಷ’ ಎಂದಿದೆ. ಸರಕಾರಿ ಶಾಲೆಯ ಸಹಶಿಕ್ಷಕಿಯ ಕೈಗೆ ಮೈಕು ಸಿಗುವುದು ವರ್ಷಕ್ಕೊಮ್ಮೆ. ಹತ್ತಕ್ಕೇ ನಿಲ್ಲಿಸುತ್ತೇನೆಂದು ನಾನು ಮಾತು ಕೊಡಲಾರೆ. ನನ್ನ ನಂತರ ಪ್ರಿಯದರ್ಶಿನಿ ತನ್ನ ಕಥೆಯನ್ನು ಓದುತ್ತಾಳೆ. ಹೈಸ್ಕೂಲು ಮಕ್ಕಳ ಕಥಾಸ್ಪರ್ಧೆಯಲ್ಲಿ ಇಡೀ ಜಿಲ್ಲೆಗೆ ಮೊದಲು ಬಂದ ಕಥೆ ಅದು. ಆ ಕಥೆಯ ಕೊನೆಯ ಪುಟದ ವಿಷಯವಾಗಿ ನಿನ್ನೆ ಈ ವೇದಿಕೆಯ ಹಿರಿಯರು ನನಗೊಂದು ಕೆಲಸ ಒಪ್ಪಿಸಿದ್ದಾರೆ. ಅದನ್ನು ಮಾಡಿದೆನೋ ಇಲ್ಲವೋ ಎಂಬುದನ್ನು ಮಾತಿನ ಕಡೆಗೆ ಹೇಳುತ್ತೇನೆ.

ಮಹನೀಯರೇ, ಈಗ ಎಲ್ಲಿ ಹೋದರೂ ಒಂದೇ ಮಾತು. ಓದು ಕಡಿಮೆಯಾಯಿತು. ಮಕ್ಕಳು ಓದುವುದಿಲ್ಲ, ದೊಡ್ಡವರು ಓದುವುದಿಲ್ಲ, ಟಿ.ವಿ. ಬಂತು, ಮೊಬೈಲು ಬಂತು, ಓದು ಹೋಯಿತು. ಸ್ವಲ್ಪ ಹೊತ್ತಿನ ಹಿಂದೆ ಅಧ್ಯಕ್ಷರೂ ಇದನ್ನೇ ಹೇಳಿದರು, ಬಹಳ ಚೆನ್ನಾಗಿ ಹೇಳಿದರು. ನಾನು ಕೇಳುವುದು ಇಷ್ಟೇ. ಹೋಗಬೇಕಾದರೆ ಮೊದಲು ಬಂದಿರಬೇಕಲ್ಲವೇ? ನಮ್ಮಲ್ಲಿ ಓದು ಬಂದಿತ್ತೇ? ಯಾವಾಗ ಬಂದಿತ್ತು? ಯಾರ ಮನೆಗೆ ಬಂದಿತ್ತು? ಸಿಟ್ಟಾಗಬೇಡಿ. ಸಿಟ್ಟು ಬರುವುದಾದರೆ ನನ್ನ ಮೇಲೆ ಬರಲಿ. ಹೆಚ್ಚೆಂದರೆ ಬಾದಾಮಿ ತಾಲೂಕಿಗೆ ವರ್ಗ ಮಾಡಿಸುತ್ತೀರಿ. ನನಗೆ ಗುಡ್ಡ, ಕೆರೆ ಎರಡೂ ಇಷ್ಟವೇ.

ಈಗ ಕಥೆಗೆ ಬರುತ್ತೇನೆ. ಇಸವಿ ಎರಡು ಸಾವಿರದ ಎಪ್ಪತ್ತೈದು. ನದಿಯ ದಂಡೆಯಲ್ಲಿ ಒಂದು ಊರು. ಅಲ್ಲಿ ಪುಸ್ತಕಗಳಿಗೆ ಬರವಿಲ್ಲ, ಸರಕಾರವೇ ಮನೆ ಮನೆಗೆ ಪುಕ್ಕಟೆ ಕೊಡುತ್ತದೆ. ಬೆಳಗಾದರೆ ಭೋಂಗಾ ಕೂಗುತ್ತದೆ. ಊರವರೆಲ್ಲ ಅಂಗಳಕ್ಕೆ ಬಂದು, ಪುಸ್ತಕ ತೆರೆದು ಹಿಡಿದು, ಒಂದೇ ದನಿಯಲ್ಲಿ ಪಾಠ ಹೇಳುತ್ತಾರೆ. ಪಾಠ ಬಾಯಲ್ಲಿದೆ, ಪುಸ್ತಕ ಕೈಯಲ್ಲಿದೆ, ಎರಡಕ್ಕೂ ಸಂಬಂಧವಿಲ್ಲ. ಒಬ್ಬರೇ ಕೂತು ಓದುವುದು ಅಲ್ಲಿ ಅಶಿಸ್ತು. ಒಂದು ದಿನ ಒಬ್ಬ ಹೆಣ್ಣುಮಗಳು ನಡುವೆ ಸುಮ್ಮನಾಗಿ ಪುಟ ನೋಡುತ್ತಾಳೆ. ಅಣೆಕಟ್ಟಿನ ಬಾಗಿಲು ಹಾಕಿದೆ, ಬೆಳಗಾಗುವುದರೊಳಗೆ ಊರು ಬಿಡಿರಿ ಎಂದು ಅದರಲ್ಲಿ ಅಚ್ಚಾಗಿದೆ. ಎಲ್ಲರ ಕೈಯಲ್ಲೂ ಅದೇ ಪುಟವಿದೆ, ಎಲ್ಲರೂ ಪಾಠ ಹೇಳುತ್ತಿದ್ದಾರೆ.

ಈ ವಯಸ್ಸಿಗೆ ಇಂಥ ಭಯಂಕರ ಕಲ್ಪನೆ ಎಲ್ಲಿಂದ ಬಂತು ಎಂದು ತೀರ್ಪುಗಾರರು ಆಶ್ಚರ್ಯಪಟ್ಟರಂತೆ. ನನಗೆ ಆಶ್ಚರ್ಯವಾಗಲಿಲ್ಲ. ಈ ಹುಡುಗಿ ಕಲ್ಪನೆ ಮಾಡಿಕೊಂಡದ್ದು ಇಸವಿಯನ್ನು ಮಾತ್ರ.

ನಮ್ಮ ಶಾಲೆಯ ಮೂರು ಕಡೆಗೂ ಮಗ್ಗಗಳು. ಮೊದಲು ಕೈಮಗ್ಗದ ಸಪ್ಪಳವಿತ್ತು, ಈಗ ಪವರ್‌ಲೂಮಿನ ಸಪ್ಪಳ. ಒಂದು ಮಗು ಎದ್ದು ನಿಂತು ಓದಿದರೆ ಎರಡನೆಯ ಸಾಲಿನ ಮಗುವಿಗೆ ಕೇಳುವುದಿಲ್ಲ. ಹೀಗಾಗಿ ನಮ್ಮ ಶಾಲೆಯಲ್ಲಿ ಅಜ್ಜಂದಿರ ಕಾಲದಿಂದಲೂ ಒಂದು ಪದ್ಧತಿ ಇದೆ, ಕೂಡಿ ಓದುವುದು. ಮಾಸ್ತರರು ಒಂದು ಸಾಲು ಹೇಳುತ್ತಾರೆ, ನಲವತ್ತು ಮಕ್ಕಳು ಮಗ್ಗದ ತಾಳಕ್ಕೆ ಸರಿಯಾಗಿ ಅದನ್ನೇ ಹೇಳುತ್ತಾರೆ. ಕೇಳಲು ಬಲು ಚೆಂದ. ಬೀದಿಯಲ್ಲಿ ಹೋಗುವವರು ನಿಂತು, ಶಾಲೆ ಚೆನ್ನಾಗಿ ನಡೆದಿದೆ ಎಂದು ತಲೆದೂಗಿ ಹೋಗುತ್ತಿದ್ದರು. ನಾನೂ ಹಾಗೇ ಕಲಿಸಿದ್ದೇನೆ, ಬೇರೆ ದಾರಿ ಇರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೆಂಟು. ಆ ವರ್ಷ ಮೂರನೆಯ ಇಯತ್ತೆಗೆ ಹೊಸ ಪುಸ್ತಕ ಬರುವುದಿತ್ತು. ಪಂಚಮಿಯ ಉಂಡಿ ಮುಗಿದರೂ ಬರಲಿಲ್ಲ. ಅಲ್ಲಿಯವರೆಗೆ ಅಣ್ಣ ಅಕ್ಕಂದಿರ ಹಳೆಯ ಪುಸ್ತಕದಲ್ಲೇ ಪಾಠ ನಡೆಯಿತು. ಹಳೆಯದರಲ್ಲಿ ಮೊದಲನೆಯ ಪಾಠ ‘ರೈಲು ಪ್ರಯಾಣ’. ಅದು ಮಕ್ಕಳ ಬಾಯಲ್ಲಿ ಗಟ್ಟಿಯಾಗಿ ಕೂತಿತ್ತು. ಹೊಸ ಪುಸ್ತಕದ ಗಂಟು ಬಂದ ದಿನವೇ ತನಿಖೆಯೂ ಬಂತು. ನಾನು ಆ ದಿನ ಶಾಲೆಯಲ್ಲಿ ಇರಲಿಲ್ಲ. ನನ್ನನ್ನು ಮತದಾರರ ಯಾದಿಯ ಕೆಲಸಕ್ಕೆ ಹುನಗುಂದದ ಕಡೆ ಹಾಕಿದ್ದರು. ದನಗಳ ಗಣತಿ, ಮನೆಗಳ ಗಣತಿ, ಪೋಲಿಯೋ ಹನಿ ಎಲ್ಲ ಮುಗಿದ ಮೇಲೆ ಉಳಿದ ವೇಳೆಯಲ್ಲಿ ನಾವು ಪಾಠ ಮಾಡುತ್ತೇವೆ. ಇರಲಿ.

ನಡೆದದ್ದನ್ನು ಆಮೇಲೆ ನಾಲ್ಕಾರು ಬಾಯಿಂದ ಕೇಳಿದೆ. ಸಾಹೇಬರು ಗಂಟು ಬಿಚ್ಚಿಸಿ ಹೊಸ ಪುಸ್ತಕ ಹಂಚಿ, ಮೊದಲನೆಯ ಪಾಠ ಓದಿರಿ ಎಂದರು. ಅದರಲ್ಲಿ ಮೊದಲನೆಯ ಪಾಠ ಜೇನುಹುಳದ್ದು, ಪುಟದ ತುಂಬ ಹಳದಿ ಹುಳದ ಚಿತ್ರ. ಮಕ್ಕಳು ಪುಟ ತೆರೆದರು, ಉಸಿರು ಹಿಡಿದರು, ಜೇನುಹುಳದ ಮೇಲೆ ಬೆರಳಿಟ್ಟು ಹುಬ್ಬಳ್ಳಿಯಿಂದ ರೈಲು ಬಿಟ್ಟರು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಸಾಹೇಬರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ಅವರದೂ ತಪ್ಪೆಂದು ನಾನು ಹೇಳುವುದಿಲ್ಲ. ಒಂದೇ ದಿನ ಐದು ಶಾಲೆ ನೋಡಬೇಕು, ಇಲಾಖೆ ಜೀಪು ಕೊಡುವುದಿಲ್ಲ, ಊಟಕ್ಕೆ ಹೊತ್ತಾಗಿರುತ್ತದೆ. ಇಂಪಾಗಿ ಕೇಳಿಸಿದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ.

ಒಬ್ಬ ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ನೀನೇಕೆ ಓದುತ್ತಿಲ್ಲ ಎಂದು ಸಾಹೇಬರು ಕೇಳಿದರು. ಅವಳು ಎದ್ದು ನಿಂತು, “ಸರ, ಇದರಾಗ ರೈಲು ಇಲ್ರಿ” ಎಂದಳು.

ತರಗತಿಯೆಲ್ಲ ನಕ್ಕಿತು. ಮಾಸ್ತರರು ನಕ್ಕರು. ಸಾಹೇಬರೂ ನಕ್ಕು, ಪಾಪ, ಈ ಮಗುವಿಗೆ ಇನ್ನೂ ಅಕ್ಷರ ಕೂಡಿಲ್ಲ, ಒಂದನೆಯ ಇಯತ್ತೆಯಲ್ಲಿ ಕೂಡಿಸಿರಿ ಎಂದು ಹೇಳಿಹೋದರು. ಕೂಡಿಸಿದರು.

ನಾನು ಮರಳಿ ಬಂದಾಗ ಎಂಟು ವರ್ಷದ ಪ್ರಿಯದರ್ಶಿನಿ ಪಡಸಾಲೆಯಲ್ಲಿ, ಮೂಗು ಸೋರುವ ಚಿಕ್ಕ ಮಕ್ಕಳ ನಡುವೆ, ಅ ಆ ಇ ಈ ಹೇಳುತ್ತ ಕೂತಿದ್ದಳು. ಅವಳ ತಾಯಿ ಗುರುಲಿಂಗವ್ವ, ಅಗೋ ಕಂಬದ ಹತ್ತಿರ ಕೂತಿದ್ದಾಳಲ್ಲ, ಆಕೆ ಶಾಲೆಯ ಬಾಗಿಲಲ್ಲೇ ನನ್ನನ್ನು ತಡೆದಳು. “ಅಕ್ಕೋರ, ನನ್ನ ಮಗಳಿಗೆ ಓದು ಹತ್ತೂದಿಲ್ಲಂತ ಖರೆ ಏನ್ರಿ? ಖರೆ ಇದ್ರ ಹೇಳಿಬಿಡ್ರಿ, ನಾಳಿಂದ ಮಗ್ಗದ ನೂಲಿನ ಕಂಡಿಕಿ ಸುತ್ತಾಕ ಕೂಡಸ್ತೇನಿ” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಾಹೇಬರು ಹೇಳಿದ ಮೇಲೆ ಖರೆಯೇ ಇರಬೇಕೆಂದು ನಂಬಿಯೇ ಬಂದಿದ್ದಳು.

ನಾನು ಹುಡುಗಿಯ ಕೈಗೆ ಹೊಸ ಪುಸ್ತಕ ಕೊಟ್ಟೆ. ಅವಳು ತುಟಿ ಆಡಿಸಿದಳು, ಮಗ್ಗದ ಸಪ್ಪಳದಲ್ಲಿ ನನಗೆ ಏನೂ ಕೇಳಲಿಲ್ಲ. ನೆಲಕ್ಕೆ ಕೂತು ಅವಳ ಬಾಯಿಯ ಹತ್ತಿರ ಕಿವಿ ಒಯ್ದೆ. ಜೇನುಹುಳ ಹೂವಿನಿಂದ ಹೂವಿಗೆ ಹೋಗುತ್ತಿತ್ತು, ನಿಧಾನವಾಗಿ, ಒಂದೊಂದೇ ಅಕ್ಷರ ದಾಟಿಕೊಂಡು. ಆಮೇಲೆ ತರಗತಿಯ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದೆ. ಯಾರಿಗೂ ಜೇನು ಬರಲಿಲ್ಲ. ಎಲ್ಲರಿಗೂ ರೈಲೇ ಬಂತು. ಅಂದರೆ, ಸಭಿಕರೇ, ನಲವತ್ತು ಮಕ್ಕಳಲ್ಲಿ ಓದಲು ಬರುತ್ತಿದ್ದದ್ದು ಒಬ್ಬಳಿಗೆ. ಓದಲು ಬರುವುದಿಲ್ಲವೆಂದು ನಾವು ಪಡಸಾಲೆಗೆ ಹಾಕಿದ್ದು ಅವಳೊಬ್ಬಳನ್ನೇ. ಕೈಹಿಡಿದು ಕರೆತಂದು ಮತ್ತೆ ಮೂರನೆಯ ಇಯತ್ತೆಯಲ್ಲಿ ಕೂಡಿಸಿದೆ. ನನಗೆ ಆ ದಿನ ಬಹಳ ಸಿಟ್ಟು ಬಂದಿತ್ತು. ಇವತ್ತಿಗೂ ಇದೆ. ಮಾಲೆ ಹಾಕಿದ ಮಾತ್ರಕ್ಕೆ ಅದು ಹೋಗುವಂಥದಲ್ಲ.

ಕಥೆಯಲ್ಲಿ ನೀರು ಎಲ್ಲಿಂದ ಬಂತು ಎಂದು ಕೇಳಬಹುದು. ಅದು ನಮ್ಮ ಮನೆಯ ನೀರು. ನನ್ನ ತವರು ಹಳೆಯ ಬಾಗಲಕೋಟೆ, ತಂದೆಗೆ ಕಿರಾಣಿ ಅಂಗಡಿ ಇತ್ತು. ಅವರು ದಿನಾಲು ಸಂಜೆ ಲಿಂಗಪೂಜೆ ಮುಗಿಸಿ, ಕಟ್ಟೆಯ ಮೇಲೆ ವಚನದ ಪುಸ್ತಕ ತೆರೆದು ಕೂಡುತ್ತಿದ್ದರು. ಓಣಿಯವರೆಲ್ಲ ಸುತ್ತ ಕೂತು ಕೇಳುತ್ತಿದ್ದರು. ನಮ್ಮಪ್ಪ ಓದಿದವರು ಎಂಬ ಹೆಮ್ಮೆಯಲ್ಲೇ ನಾನು ಶಿಕ್ಷಕಿಯಾದೆ. ಆಲಮಟ್ಟಿಯ ಹಿನ್ನೀರು ಏರುವ ವರ್ಷ ಮನೆ ಬಿಡುವ ನೋಟೀಸು ಬಂತು. ಓಣಿಯವರು ಅದನ್ನು ಅವರ ಕೈಗೇ ಕೊಟ್ಟರು. ಅವರು ಮೂಗಿಗೆ ಚಾಳೀಸು ಏರಿಸಿ, ಬಹಳ ಹೊತ್ತು ನೋಡಿ, “ಇನ್ನೂ ವ್ಯಾಳೆ ಐತಿ, ಗಾಬರಿ ಆಗಬ್ಯಾಡ್ರಿ” ಎಂದರಂತೆ. ನೀರು ಹಿತ್ತಲಿಗೆ ಬಂದ ದಿನ ಓಣಿಯವರೆಲ್ಲ ಮೊಣಕಾಲು ನೀರಿನಲ್ಲಿ ಭಾಂಡೆ ಹೊತ್ತುಕೊಂಡು ಓಡಿದರು. ಅಂಗಡಿಯ ಬೆಲ್ಲವೆಲ್ಲ ಕರಗಿ ಹೋಯಿತು. ನಾನು ಹೋಗಿ ನೋಟೀಸು ನೋಡಿದೆ. ತಾರೀಖು ಮೇಲಿನ ಸಾಲಿನಲ್ಲೇ ಇತ್ತು.

ಅಪ್ಪ ನನ್ನ ಮುಖ ನೋಡಲಿಲ್ಲ. ಆ ದಿನ ನನಗೆ ಗೊತ್ತಾಯಿತು. ವಚನಗಳು ಅವರ ಬಾಯಲ್ಲಿದ್ದವು, ಪುಸ್ತಕ ಕೈಯಲ್ಲಿತ್ತು. ಮಗಳು ಶಿಕ್ಷಕಿ, ಅವಳನ್ನು ಕೇಳಲು ನಾಚಿಕೆ. ಅವರೂ ಒಂದು ಕಾಲಕ್ಕೆ ಸರಕಾರಿ ಶಾಲೆಯಲ್ಲಿ ಕೂಡಿ ಓದಿ ಪಾಸಾದವರೇ.

ಇದನ್ನು ಇಲ್ಲಿ ಹೇಳಬೇಕೆಂದು ನಾನು ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆ ಮಾತ್ರ, ತರಗತಿಯಲ್ಲಿ, ಯಾಕೋ ತಡೆಯಲಾರದೆ ಹೇಳಿಬಿಟ್ಟಿದ್ದೆ. ಆಗ ಪ್ರಿಯದರ್ಶಿನಿ ಐದನೆಯ ಇಯತ್ತೆ. ಮಕ್ಕಳು ಮರೆತರೆಂದುಕೊಂಡಿದ್ದೆ. ನೀರು ಕುಡಿಯುತ್ತೇನೆ, ಕ್ಷಮಿಸಿ.

ಇನ್ನು ಕೊನೆಯ ಪುಟದ ವಿಷಯ. ಈ ಹುಡುಗಿಯ ಕಥೆಯಲ್ಲಿ ಆ ಹೆಣ್ಣುಮಗಳ ಮಾತನ್ನು ಯಾರೂ ಕೇಳುವುದಿಲ್ಲ. ನೀರು ಅಂಗಳಕ್ಕೆ ಬರುತ್ತದೆ, ಜನ ಪಾಠ ಹೇಳುತ್ತಲೇ ಇರುತ್ತಾರೆ. ನಿನ್ನೆ ಅಧ್ಯಕ್ಷರು ನನ್ನನ್ನು ಕರೆಸಿ, “ಅಕ್ಕೋರ, ಹಬ್ಬದಂಥಾ ಕಾರ್ಯಕ್ರಮ ಐತಿ, ಎಲ್ಲಾರೂ ಮುಳುಗೂದು ಬ್ಯಾಡ್ರಿ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇಲಾಖೆಯವರು ವೇದಿಕೆಯ ಮೇಲಿರುತ್ತಾರೆ, ಅವರಿಗೆ ಮುಜುಗರವಾಗಬಾರದೆಂಬ ಕಾಳಜಿ. ಮುಖ್ಯಗುರುಗಳು ಹೊಸ ಕೊನೆ ಬರೆಸಿ ಟೈಪು ಮಾಡಿಸಿ ಕೊಟ್ಟರು. ಅದರಲ್ಲಿ ಒಬ್ಬ ಅಧಿಕಾರಿ ವೇಳೆಗೆ ಸರಿಯಾಗಿ ಬಂದು ಇಡೀ ಊರನ್ನು ಉಳಿಸುತ್ತಾರೆ, ಜನ ಅವರಿಗೆ ಶಾಲು ಹೊದಿಸುತ್ತಾರೆ. ಅದನ್ನು ಓದುವಂತೆ ಹುಡುಗಿಯನ್ನು ಒಪ್ಪಿಸುವುದು ನನ್ನ ಕೆಲಸ.

ಹಾಳೆಯನ್ನು ಅವಳಿಗೆ ಕೊಟ್ಟೆ. ಅವಳು ಪೂರ್ತಿ ಓದಿದಳು, ಯಾಕೆಂದರೆ ಅವಳು ಕೊಟ್ಟದ್ದನ್ನು ಓದುವ ಪೈಕಿ. ಆಮೇಲೆ ಮಡಚಿ ನನ್ನ ಕೈಯಲ್ಲಿಟ್ಟು, “ಅಕ್ಕೋರ, ನಾ ಬರದದ್ದರಾಗ ಇದು ಇಲ್ರಿ” ಎಂದಳು.

ಏಳು ವರ್ಷದ ಹಿಂದೆ ನಾನು ಊರಲ್ಲಿರಲಿಲ್ಲ. ನಿನ್ನೆ ಇದ್ದೆ. ಅಧ್ಯಕ್ಷರೇ, ಆ ಹಾಳೆ ಇಲ್ಲಿದೆ, ನಿಮ್ಮ ಮುಂದೆ ಇಡುತ್ತಿದ್ದೇನೆ. ಒಪ್ಪಿಸಿದ ಕೆಲಸ ನನ್ನಿಂದ ಆಗಲಿಲ್ಲ. ವಿರೂಪಾಕ್ಷಪ್ಪ ಸಾಹೇಬರೇ, ನಿಮ್ಮಲ್ಲಿ ನನ್ನದೊಂದೇ ಬಿನ್ನಹ. ಈ ಸಲ ದಯವಿಟ್ಟು ಕಣ್ಣು ತೆರೆದುಕೊಂಡು ಕೇಳಿರಿ.

ಈಗ ಒಂದು ಕ್ಷಣ ಎಲ್ಲರೂ ಕಿವಿಗೊಡಿ. ಏನಾದರೂ ಕೇಳುತ್ತಿದೆಯೇ? ನಾನು ಮಾತು ಶುರುಮಾಡಿದಾಗಿನಿಂದ ಏನೂ ಕೇಳುತ್ತಿಲ್ಲ. ಕರೆಂಟು ಹೋಗಿಲ್ಲ, ಮೈಕು ನಡೆಯುತ್ತಿದೆ. ಇವತ್ತು ಮುಂಜಾನೆ ಗುರುಲಿಂಗವ್ವ ಈ ಓಣಿಯ ಮನೆ ಮನೆಗೆ ಹೋಗಿ, ಸಂಜೆ ಒಂದು ತಾಸು ಮಗ್ಗ ನಿಂದರಿಸ್ರಿ, ನನ್ನ ಮಗಳು ಒಬ್ಬಾಕಿನ ಓದ್ತಾಳ ಎಂದು ಕೇಳಿಕೊಂಡು ಬಂದಿದ್ದಾಳೆ. ಆಕೆಗೆ ಅಕ್ಷರ ಬರುವುದಿಲ್ಲ, ಕಥೆಯ ಕೊನೆ ಏನೆಂದೂ ಗೊತ್ತಿಲ್ಲ. ಮಗಳ ದನಿ ಕೇಳಬೇಕು, ಅಷ್ಟೇ. ಓಣಿಯವರು ನಿಲ್ಲಿಸಿದ್ದಾರೆ. ನನ್ನ ಸರ್ವೀಸಿನಲ್ಲಿ ಈ ಶಾಲೆ ಇಷ್ಟು ಶಾಂತವಾಗಿದ್ದದ್ದನ್ನು ನಾನು ನೋಡಿಲ್ಲ.

ಮಗ್ಗ ನಿಲ್ಲಿಸಿದ ಆ ಮನೆಗಳಿಗೆ ನನ್ನ ಕೃತಜ್ಞತೆ. ಹತ್ತು ನಿಮಿಷ ಮೀರಿದ್ದನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆ. ಅಬ್ದುಲಸಾಬ, ನನ್ನ ಮಾತು ಮುಗಿದ ಕೂಡಲೆ ಮೈಕು ಬಂದ್ ಮಾಡ್ರಿ, ಇವತ್ತು ಅದರ ಜರೂರಿಲ್ಲ. ಪ್ರಿಯದರ್ಶಿನಿ, ಏಳವ್ವ. ನಿನ್ನ ಪುಟದಾಗ ಏನೈತಿ, ಅದನ್ನ ಓದು.

ನಮಸ್ಕಾರ.