ಗಾಡಿಯಿಂದ ಇನ್ನೂ ಇಳಿಯದವರು

ಮಧ್ಯಾಹ್ನ ಹಿಡಿದ ಮಳೆ ಕತ್ತಲಾದರೂ ಬಿಟ್ಟಿರಲಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಲಾಂಡ್ರಿಗೂ ಆಂಬುಲೆನ್ಸ್ ಶೆಡ್ಡಿಗೂ ನಡುವೆ ಇರುವ ಡ್ರೈವರುಗಳ ಕೋಣೆಯಲ್ಲಿ ಒದ್ದೆ ಬೂಟು, ಫಿನಾಯಿಲು, ಆರಿದ ಟೀ ಎಲ್ಲದರ ವಾಸನೆ ಒಂದಕ್ಕೊಂದು ಅಂಟಿಕೊಂಡಿತ್ತು. ಫೋನು ಬಹಳ ಹೊತ್ತಿನಿಂದ ಬಾಯಿ ಬಿಟ್ಟಿರಲಿಲ್ಲ. ಹಿರಿಯ ಡ್ರೈವರ್ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಕಿರಿಯವನು ಗೋಡೆಗೆ ಒರಗಿ ಆಕಳಿಸುತ್ತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸು ಮನೆಗೆ ಹೊರಟವಳು, ಛತ್ರಿ ತಂದಿಲ್ಲದೆ ಬಾಗಿಲ ಬಳಿಯೇ ಸಿಕ್ಕಿಹಾಕಿಕೊಂಡಿದ್ದಳು. ಮೂಲೆಯ ಕುರ್ಚಿಯಲ್ಲಿ ಲಾಂಡ್ರಿ ಅಜ್ಜಿ ಇದ್ದಳು. ಕೆಲಸದಿಂದ ನಿವೃತ್ತಳಾಗಿ ಎಷ್ಟೋ ವರ್ಷವಾಗಿದ್ದರೂ ಸಂಜೆಯಾದರೆ ಅವಳು ಇಲ್ಲಿಗೆ ಬಂದು ಕೂರುತ್ತಿದ್ದಳು. ಯಾಕೆ ಬರುತ್ತೀ ಎಂದು ಕೇಳುವ ಧೈರ್ಯ ಯಾರೂ ಮಾಡಿರಲಿಲ್ಲ.

"ಶೆಡ್ಡಿನ ಕೊನೇಲಿ ಒಂದು ಹಳೇ ಗಾಡಿ ಇದೆಯಲ್ಲ, ಉದ್ದ ಮೂತಿದು," ಎಂದಳು ನರ್ಸು, ಮಾತಿಗೆ ಮಾತು ಇರಲಿ ಎಂಬಂತೆ. "ಅದನ್ನ ಯಾಕೆ ಇನ್ನೂ ಇಟ್ಕೊಂಡಿದಾರೆ? ಸುಮ್ಮನೆ ಜಾಗ ದಂಡ."

ಡ್ರೈವರುಗಳಿಬ್ಬರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು, ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡಳು.

"ಬಾ ಮಗಳೇ, ಬಾಗಿಲಲ್ಲಿ ನಿಂತ್ಕೋಬೇಡ, ಒಳಗೆ ಕೂತ್ಕೋ. ಈ ಮಳೆ ಈಗ ನಿಲ್ಲೋದಲ್ಲ. ಹೇಳ್ತೀನಿ... ಆದ್ರೆ ಮಧ್ಯದಲ್ಲಿ ಎದ್ದು ಹೋಗಬಾರ್ದು, ನನಗೆ ಎರಡನೇ ಸಲ ಹೇಳೋ ತ್ರಾಣ ಇಲ್ಲ.

"ಆ ಗಾಡೀನ ನಾವು ಮುದುಕಿ ಅಂತ ಕರೀತಿದ್ವಿ. ದುಂಡು ದೀಪ, ಮುಂದೆ ಕೈಯಲ್ಲಿ ಬಾರಿಸೋ ಹಿತ್ತಾಳೆ ಗಂಟೆ, ಹಿಂದೆ ಎರಡು ಬಾಗಿಲು. ಆಸ್ಪತ್ರೆಗೆ ಇದ್ದದ್ದು ಅದೊಂದೇ ಗಾಡಿ, ಸುತ್ತಮುತ್ತಲಿನ ಊರಿನವರೆಲ್ಲ ಅದರಲ್ಲೇ ಮಲಗಿ ಬರಬೇಕಿತ್ತು. ನಮ್ಮ ಯಜಮಾನ್ರು ಟಿಂಕರಿಂಗ್ ಮೇಸ್ತ್ರಿ, ಆಸ್ಪತ್ರೆ ಗಾಡಿಗಳ ತಗಡಿನ ಕೆಲಸ ಎಲ್ಲ ಅವರದೇ. ಜೀವಮಾನ ಎಲ್ಲ ಸುತ್ತಿಗೆ ಬಡಿದು ಬಡಿದು ಕಿವಿ ಮುಕ್ಕಾಲು ಹೋಗಿತ್ತು. ಊಟಕ್ಕೆ ಬನ್ನಿ ಅಂತ ನಾನು ಕೂಗಿದ್ರೆ ಕೇಳ್ತಿರ್ಲಿಲ್ಲ, ಪಕ್ಕದ ಮನೇಲಿ ಯಾರಾದ್ರೂ ಮೇಸ್ತ್ರಿಗೆ ವಯಸ್ಸಾಯ್ತು ಅಂತ ಪಿಸುಗುಟ್ಟಿದ್ರೆ ಮಾತ್ರ ಚೆನ್ನಾಗಿ ಕೇಳ್ತಿತ್ತು.

"ಹೊಸ ಗಾಡಿಗಳು ಬಂದ ಮೇಲೆ ಮುದುಕೀನ ಶೆಡ್ಡಿನಲ್ಲಿ ನಿಲ್ಲಿಸಿದ್ರು. ವರ್ಷಕ್ಕೊಂದು ಸಲ ಆಸ್ಪತ್ರೆ ಹುಟ್ಟಿದ ದಿನಕ್ಕೆ ತೊಳೆದು, ಒರೆಸಿ, ಊರೆಲ್ಲ ಒಂದು ಸುತ್ತು ಹೊಡೆಸಿ ತರೋರು. ಅದನ್ನ ಓಡಿಸ್ತಿದ್ದವನು ಉದ್ದಣ್ಣ. ಹೆಸರಿಗೆ ತಕ್ಕ ಹಾಗೆ ಉದ್ದ, ಸ್ಟೇರಿಂಗ್ ಹಿಂದೆ ಮಡಚಿಟ್ಟ ಏಣಿ ಥರ ಕೂರೋನು. ಅವನೂ ಆಗಲೇ ನಿವೃತ್ತ, ಆದ್ರೆ ಆ ಗಾಡಿ ಇನ್ಯಾರ ಕೈಗೂ ಬಗ್ತಿರ್ಲಿಲ್ಲ. ಅಂಥ ಒಂದು ದಿನ, ವಾಪಸ್ ಬರುವಾಗ, ಇಳಿಜಾರಲ್ಲಿ ನೀರಿನ ಟ್ಯಾಂಕರ್ ಒಂದು ಬ್ರೇಕ್ ಹಿಡೀದೆ ಬಂದು ಗುದ್ದಿತು. ಎಡಗಡೆ ಮೂತಿ ಪೂರ್ತಿ ಒಳಕ್ಕೆ ಹೋಯ್ತು, ಅಡಿಯ ಚಾಸಿ ಬಾಗಿತು, ಗಂಟೆ ಹಾರಿ ಚರಂಡಿಗೆ ಬಿತ್ತು. ಉದ್ದಣ್ಣನ ಹೆಗಲ ಮೂಳೆ ಮುರೀತು. ಜೀವ ಉಳಿದದ್ದೇ ಹೆಚ್ಚು.

"ದೊಡ್ಡ ಡಾಕ್ಟರು ಬಂದು ನೋಡಿ, ಇನ್ನು ಸಾಕು, ಗುಜರಿಗೆ ಹಾಕಿ ಅಂದ್ರು. ತಪ್ಪಾ ಅವರದು? ವಾರ್ಡಲ್ಲಿ ಮಂಚ ಸಾಲದೆ ಜನ ನೆಲದಲ್ಲಿ ಮಲಗ್ತಿದ್ರು, ಅವರು ಹಳೇ ತಗಡಿಗೆ ಅಳ್ತಾ ಕೂರೋಕಾಗುತ್ತಾ? ಯಜಮಾನ್ರು ಮನೆಗೆ ಬಂದು ಗೋಡೆಗೆ ಒರಗಿ ಕೂತು, 'ಹೋಗ್ಲಿ ಬಿಡು. ಅದಕ್ಕೂ ಸಾಕಾಗಿದೆ, ನನಗೂ ಸಾಕಾಗಿದೆ' ಅಂದ್ರು. ಅಂದವರೇ ಅಲ್ಲೇ ನಿದ್ದೆ ಹೋದ್ರು. ನನಗೆ ಸಮಾಧಾನವೇ ಆಯ್ತು ಅನ್ನು. ಎದೆ ನೋವು ಅಂತ ಆಗಾಗ ಅಂತಿದ್ರು, ಇನ್ನಾದ್ರೂ ಮನುಷ್ಯ ಮನೇಲಿ ಕಾಲು ಚಾಚಿ ಮಲಗ್ತಾರೆ ಅಂದ್ಕೊಂಡೆ... ಎಲ್ಲಿ ಬಂತು ಆ ಭಾಗ್ಯ?"

ಶೆಡ್ಡಿನ ತಗಡಿನ ಮೇಲೆ ಮಳೆ ಒಮ್ಮೆ ಜೋರಾಗಿ ಸುರಿದು ಮತ್ತೆ ಸಣ್ಣಗಾಯಿತು. ಕಿರಿಯ ಡ್ರೈವರ್ ಆಕಳಿಸುವುದನ್ನು ಮರೆತಿದ್ದ.

"ಗುಜರಿ ಅಂಗಡಿಯವನು ಗಾಡೀನ ಎಳೆಸ್ಕೊಂಡು ಹೋದ. ಅವನಿಗೆ ಊರಲ್ಲೆಲ್ಲ ಕಟರ್ ಅಂತಲೇ ಹೆಸರು. ಬಸ್ಸು, ಲಾರಿ ಎಲ್ಲಾನೂ ಗ್ಯಾಸ್ ಕಟರಲ್ಲಿ ಬೆಣ್ಣೆ ಥರ ಕತ್ತರಿಸಿ ಎಸೆದವನು. ಅಂಥವನು ಒಂದು ಮಟಮಟ ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು ನಿಂತ. ಮುಖದಲ್ಲಿ ರಕ್ತವೇ ಇಲ್ಲ.

"'ಮೇಸ್ತ್ರೀ, ಅದನ್ನ ವಾಪಸ್ ತಗೊಂಡು ಹೋಗ್ಬಿಡಿ' ಅಂದ.

"'ಯಾಕಪ್ಪಾ, ಏನಾಯ್ತು?' ಅಂದ್ರು ಇವರು.

"'ಕತ್ತರಿಸೋಕೆ ಅಂತ ಹಿಂದಿನ ಬಾಗಿಲಿಗೆ ಬೆಂಕಿ ಹಿಡಿದೆ. ಒಳಗಿಂದ ಒಂದು ಹೆಂಗಸು, ಬಂತಾ ಅಂತ ಕೇಳ್ತು.'

"'ಏನು ಬಂತಾ?'

"'ಅಷ್ಟೇ ಮೇಸ್ತ್ರೀ. ಆಸ್ಪತ್ರೆ ಬಂತಾ... ಅನ್ನೋ ಹಾಗೆ.'

"ಯಜಮಾನ್ರು ನಕ್ಕು ಚಪ್ಪಲಿ ಮೆಟ್ಟಿದ್ರು. ನಾನೂ ಹಿಂದೇನೇ ಹೋದೆ. ಕಟರ್ ಅಂಗಡಿ ಹಿತ್ತಲಲ್ಲಿ ಸುತ್ತ ಕಬ್ಬಿಣದ ಗುಡ್ಡೆ, ಮಧ್ಯದಲ್ಲಿ ಮುದುಕಿ, ಮೂತಿ ಜಜ್ಜಿಸ್ಕೊಂಡು ಬಿಸಿಲಲ್ಲಿ ನಿಂತಿದೆ. ಇವರು ಹಿಂದಿನ ಬಾಗಿಲು ತೆಗೆದು ತೋರಿಸಿದ್ರು. ಹರಿದ ರೆಕ್ಸಿನ್ನಿನ ಸ್ಟ್ರೆಚರು, ಒಂದು ಖಾಲಿ ಔಷಧಿ ಪೆಟ್ಟಿಗೆ, ಇನ್ನೇನೂ ಇಲ್ಲ. 'ನೋಡಿದ್ಯಾ?' ಅಂತ ಬಾಗಿಲು ಹಾಕಿದ್ರು. ಹಾಕಿದ ತಕ್ಷಣ... ಒಳಗಿಂದ ದನಿ ಬಂತು. 'ಬಂತಾ?'

"ನಾನು ಕೂಗಿದ್ರೆ ಕೇಳದ ಕಿವಿ ಅವರದು. ಅದಕ್ಕೆ ಅದು ಕೇಳಿಸ್ತು. ಬಾಗಿಲ ಹಿಡಿ ಮೇಲಿಟ್ಟ ಕೈ ತೆಗೀಲೇ ಇಲ್ಲ. ನನಗೂ ಕೇಳಿಸ್ತು ಮಗಳೇ. ಹೆದರಿಸೋ ದನಿ ಅಲ್ಲ ಅದು. ಹೆದರಿಸೋ ದನಿ ಆಗಿದ್ರೆ ಎದ್ದೆವೋ ಬಿದ್ದೆವೋ ಅಂತ ಓಡಿ ಹೋಗಿರ್ತಿದ್ವಿ, ಅಲ್ಲಿಗೆ ಮುಗೀತಿತ್ತು. ದೂರದ ಬಸ್ಸಲ್ಲಿ ತೂಕಡಿಸಿ ಎದ್ದೋರು ಪಕ್ಕದಲ್ಲಿ ಕೂತೋರನ್ನ ಕೇಳ್ತಾರಲ್ಲ, ಅಂಥ ಸುಸ್ತಾದ ದನಿ.

"ಅಲ್ಲಿಂದ ನೇರ ಉದ್ದಣ್ಣನ ಮನೆಗೆ ಹೋದ್ವಿ. ಹೆಗಲಿಗೆ ಪಟ್ಟಿ ಕಟ್ಕೊಂಡು ಮಲಗಿದ್ದ. ವಿಷಯ ಹೇಳಿದ ಕೂಡ್ಲೆ ಗೋಡೆ ಕಡೆ ಮುಖ ತಿರುಗಿಸಿದ. ಆಮೇಲೆ ಹೇಳಿದ: 'ನಾನು ಓಡಿಸಿದಷ್ಟು ವರ್ಷವೂ ಕೇಳ್ತಾನೇ ಇತ್ತಣ್ಣ. ಕಲ್ಲು ಕ್ವಾರಿಯಿಂದ ಕರ್ಕೊಂಡು ಬಂದ ಹೆಂಗಸು. ದಾರಿಯುದ್ದಕ್ಕೂ ಬಂತಾ, ಬಂತಾ ಅಂತ ಕೇಳಿದ್ಲು. ಆಸ್ಪತ್ರೆ ಗೇಟು ಕಾಣೋ ಹೊತ್ತಿಗೆ ಕೇಳೋದು ನಿಲ್ಲಿಸಿದ್ಲು. ಆಮೇಲಿಂದ ನಾನು ಖಾಲಿ ಬರುವಾಗೆಲ್ಲ ಕೇಳ್ತಾಳೆ. ಬಂತು ತಾಯಿ, ಇನ್ನೇನು ಬಂತು ಅಂತೀನಿ. ಸುಮ್ಮನಾಗ್ತಾಳೆ.'

"'ಅವಳನ್ನ ಇಳಿಸಿದ್ರಲ್ಲೋ?' ಅಂದ್ರು ಇವರು.

"'ಇಳಿಸಿದ್ರು, ಹಿಂದಿನ ಶವಾಗಾರಕ್ಕೆ. ಆ ಬಾಗಿಲು ಬೇರೆ, ಆಸ್ಪತ್ರೆ ಬಾಗಿಲು ಬೇರೆ ಅಲ್ವಾ ಅಣ್ಣ?'

"ಮನೆ ದಾರೀಲಿ ನಾನೇ, 'ಸ್ಟ್ರೆಚರ್ ಮಾತ್ರ ಆಸ್ಪತ್ರೆಗೆ ಹೊತ್ಕೊಂಡು ಬಂದ್ರೆ ಆಗಲ್ವಾ?' ಅಂದೆ. ಮಾರನೇ ದಿನ ಅದನ್ನೂ ಮಾಡಿ ನೋಡಿದ್ವಿ. ಎತ್ತಿದ್ರೆ ಬುಟ್ಟಿ ಥರ ಹಗುರ, ದನಿ ಮಾತ್ರ ಗಾಡಿ ಒಳಗೇ ಉಳೀತು. ಗಾಡೀಲಿ ಹತ್ತಿದೋಳು ಗಾಡೀಲೇ ಬಂದು ಇಳೀಬೇಕು ಅಂತ ಇವರಿಗೆ ಆಗ ಖಾತ್ರಿ ಆಯ್ತು.

"ದೊಡ್ಡ ಡಾಕ್ಟರ ಹತ್ರ ಹೋಗಿ, ಗಾಡಿ ನಾನು ರಿಪೇರಿ ಮಾಡ್ತೀನಿ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ, ಹೇಳೋದಾದ್ರೂ ಹೇಗೆ? ಡಾಕ್ಟರು ಇವರ ಮುಖ ನೋಡಿ, 'ಮೇಸ್ತ್ರೀ, ಈ ವಯಸ್ಸಲ್ಲಿ ವಿಶ್ರಾಂತಿ ಬೇಕು' ಅಂದ್ರು. 'ಅದನ್ನೇ ಕೊಡಿಸೋಕೆ ಹೊರಟಿದೀನಿ ಸಾರ್' ಅಂದ್ರಂತೆ ಇವರು. ಅವರಿಗೆಷ್ಟು ಅರ್ಥ ಆಯ್ತೋ... ಪಾಪ, ಅವರ ಕಣ್ಣಲ್ಲೂ ನಿದ್ದೆ ಇರ್ಲಿಲ್ಲ. ಆಯ್ತು, ಶೆಡ್ಡಿನ ಮೂಲೇಲಿ ಜಾಗ ಇದೆ, ಅಷ್ಟೇ ನನ್ನ ಕೈಲಾಗೋದು ಅಂದ್ರು.

"ಗಾಡೀನ ಶೆಡ್ಡಿಗೆ ಎಳೆಸ್ಕೊಂಡು ಬಂದು ಎಷ್ಟು ತಿಂಗಳು ಬಡಿದ್ರು ಅಂತೀಯಾ! ಚಾಸಿಗೆ ಸರಪಳಿ ಹಾಕಿ ಎಳೆಯೋದು, ಒಂದು ಕಡೆ ನೆಟ್ಟಗಾದ್ರೆ ಇನ್ನೊಂದು ಕಡೆ ಸೊಟ್ಟ. ಕತ್ತರಿಸೋಕೆ ಹೊರಟಿದ್ದ ಕಟರೇ ಗುಡ್ಡೆಯೆಲ್ಲ ಜಾಲಾಡಿ ತಗಡು ಹುಡುಕಿ ತಂದ, ಅವನೇ ವೆಲ್ಡಿಂಗ್ ಹಿಡಿದ. ಇವರು ಸುತ್ತಿಗೆ ಎತ್ತೋದು, ಒಳಗಿಂದ 'ಬಂತಾ' ಅನ್ನೋದು, 'ಇನ್ನೇನು ಬಂತು ತಾಯಿ' ಅಂತ ಇವರು ಮತ್ತೆ ಬಡಿಯೋದು. ಸಂಜೆ ಮನೆಗೆ ಬಂದ್ರೆ ಚಪ್ಪಲಿ ಬಿಚ್ಚೋ ಶಕ್ತಿ ಇಲ್ದೆ ಹೊಸ್ತಿಲ ಮೇಲೇ ಕೂರೋರು, ನಾನು ಬಗ್ಗಿ ಬಿಚ್ಚಬೇಕಿತ್ತು. ಒಂದು ದಿನ ನನಗೂ ತಡೀಲಿಲ್ಲ. 'ಸತ್ತೋರಿಗೋಸ್ಕರ ಬದುಕಿರೋರು ಸಾಯಬೇಕಾ?' ಅಂತ ಕಿರುಚಿಬಿಟ್ಟೆ.

"ಇವರು ನನ್ನ ಮುಖ ನೋಡಿದ್ರು. 'ಸತ್ತಿದೀಯಾ ಅಂತ ಅವಳಿಗೆ ಯಾರೂ ಹೇಳಿಲ್ಲ ಕಣೇ' ಅಂದ್ರು.

"ನಾನು ಬಗ್ಗಿ ಅವರ ಚಪ್ಪಲಿ ಬಿಚ್ಚಿದೆ."

ನರ್ಸು ಬೆಂಚಿನ ತುದಿಗೆ ಸರಿದು ಬಂದಿದ್ದಳು. ಹಿರಿಯ ಡ್ರೈವರ್ ಚಾಚಿದ ಕಾಲನ್ನು ಯಾವಾಗಲೋ ಮಡಚಿಕೊಂಡಿದ್ದ.

"ಅಂತೂ ಇಂಜಿನ್ನು ಕೆಮ್ಮುತ್ತಾ ಕೆಮ್ಮುತ್ತಾ ಉಸಿರು ಹಿಡೀತು. ಉದ್ದಣ್ಣನ ಹೆಗಲೂ ಕೂಡಿತ್ತು. ಒಂದು ಬೆಳಿಗ್ಗೆ ಅವನು ಸ್ಟೇರಿಂಗ್ ಹಿಡಿದ, ನಾವಿಬ್ಬರೂ ಪಕ್ಕದಲ್ಲಿ ಕೂತ್ವಿ. ಮೂತಿ ಒಂಚೂರು ವಾರೆ ಉಳಿದಿತ್ತು, ಬಣ್ಣ ಎರಡು ಥರ ಇತ್ತು, ಆದ್ರೂ ಹೋಗ್ತಿತ್ತು. ರಸ್ತೆಗೆ ಹೋಗಿ, ತಿರುಗಿ ಗೇಟಲ್ಲಿ ಒಳಗೆ ಬಂದು, ಎಮರ್ಜೆನ್ಸಿ ಬಾಗಿಲ ಎದುರಿಗೇ ತಂದು ನಿಲ್ಲಿಸಿದ. ಯಜಮಾನ್ರು ಸ್ಟ್ರೆಚರಿನ ಒಂದು ತುದಿ ಹಿಡಿದ್ರು, ನಾನು ಒಂದು ತುದಿ ಹಿಡಿದೆ. ಲಾಂಡ್ರೀಲಿ ಒದ್ದೆ ಬೆಡ್‌ಶೀಟಿನ ಮೂಟೆ ಎತ್ತಿದ ಕೈ ಇದು, ಭಾರ ಅಂದ್ರೇನು ಅಂತ ನನಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಖಾಲಿ ಸ್ಟ್ರೆಚರ್ ಮಗಳೇ... ನನ್ನ ಸೊಂಟ ಬಗ್ಗಿಹೋಯ್ತು.

"ಒಳಗೆ ಇದ್ದೋರೆಲ್ಲ ಈ ಮುದುಕರಿಗೆ ಏನಾಗಿದೆ ಅಂತ ನೋಡ್ತಾ ನಿಂತ್ರು. ನಾವು ಯಾರನ್ನೂ ನೋಡ್ಲಿಲ್ಲ. ಒಂದು ಖಾಲಿ ಮಂಚದ ಪಕ್ಕ ಇಳಿಸಿದ್ವಿ. ಇವರು ಬಗ್ಗಿ, ಮಗೂನ ಎಬ್ಬಿಸೋ ಹಾಗೆ ಮೆತ್ತಗೆ, 'ಬಂತು ತಾಯಿ. ಆಸ್ಪತ್ರೆ ಬಂತು' ಅಂದ್ರು. ಕೂತೋರು ಎದ್ರೆ ಕುರ್ಚಿ ಮೆತ್ತೆ ನಿಧಾನಕ್ಕೆ ಮೇಲೇಳುತ್ತಲ್ಲ, ಹಾಗೆ ಆ ರೆಕ್ಸಿನ್ನು ಮೇಲೆದ್ದಿತು. ಸ್ಟ್ರೆಚರ್ ಎತ್ತಿದ್ವಿ, ಹಗುರ. ನಾನು ಇವರ ಮುಖದಲ್ಲಿ ಅಂಥ ನಗು ನಮ್ಮ ಮದುವೆ ದಿನವೂ ನೋಡಿರ್ಲಿಲ್ಲ.

"ಮುಗೀತು, ಇನ್ನು ಗುಜರಿಗಾದ್ರೂ ಹೋಗ್ಲಿ, ಎಲ್ಲಿಗಾದ್ರೂ ಹೋಗ್ಲಿ ಅಂತ ಮಾತಾಡ್ಕೊಂಡೇ ಹೊರಗೆ ಬಂದ್ವಿ. ಸ್ಟ್ರೆಚರ್ ಒಳಗಿಟ್ಟು, ಇವರು ಬಾಗಿಲು ಹಾಕಿದ್ರು. ಆಗ... ಒಳಗಿಂದ ಒಬ್ಬ ಗಂಡಸು ಕೆಮ್ಮಿದ. ವಯಸ್ಸಾದೋನು. 'ನಮ್ಮದು?' ಅಂದ. ಅವನ ಹಿಂದೆ ಇನ್ನೂ ಒಳಗಿಂದ, ಒಂದು ಮಗು, 'ಅಮ್ಮಾ, ನಮ್ಮದು ಯಾವಾಗ?' ಅಂತು. ಗಲಾಟೆ ಇಲ್ಲ, ತಳ್ಳಾಟ ಇಲ್ಲ. ಸಾಲಲ್ಲಿ ನಿಂತೋರು ಕೇಳೋ ಹಾಗೆ. ಅವಳೊಬ್ಬಳು ಕೇಳ್ತಿದ್ದಷ್ಟು ದಿನ ಇವರೆಲ್ಲ ತಮ್ಮ ಸರದಿ ಕಾಯ್ತಾ ಸುಮ್ಮನಿದ್ರು ಅಷ್ಟೇ.

"ಯಜಮಾನ್ರು ಅಲ್ಲೇ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತ್ಬಿಟ್ರು. ಅಳ್ಲಿಲ್ಲ, ಹೆದರ್ಲಿಲ್ಲ. ಸುಸ್ತಾಗಿತ್ತು, ಕೂತ್ರು. ಉದ್ದಣ್ಣ ಇಳಿದು ಬಂದು ಪಕ್ಕದಲ್ಲಿ ನಿಂತ. ಆಮೇಲೆ ಇವರು ಎದ್ದು, ಬಾಗಿಲು ಒಂಚೂರು ತೆಗೆದು, ಒಳಕ್ಕೆ ಹೇಳಿದ್ರು: 'ಇವತ್ತಿಗೆ ಇಷ್ಟೇ ನನ್ನ ಕೈಲಾಗೋದು. ನಾಳೆ ಬರ್ತೀವಿ.' ಒಳಗೆ ಎಲ್ಲ ಸುಮ್ಮನಾದ್ರು.

"ಹೇಳಿದ ಹಾಗೆ ಮಾರನೇ ದಿನ ಹೋದ್ವಿ. ಅದರ ಮಾರನೇ ದಿನವೂ. ರಸ್ತೆಗೆ ಹೋಗಿ, ಗೇಟಲ್ಲಿ ಒಳಗೆ ಬಂದು, ಒಬ್ಬೊಬ್ಬರನ್ನೇ ಇಳಿಸೋದು. ಒಂದು ಸಲಕ್ಕೆ ಒಬ್ಬರು, ಅಷ್ಟೇ. ಯಜಮಾನ್ರು ಇರೋವರೆಗೂ ಮೈಯಲ್ಲಿ ತ್ರಾಣ ಇದ್ದ ದಿನ ಒಂದೂ ಬಿಡ್ಲಿಲ್ಲ. ಮನೇಲೇ, ನಿದ್ದೇಲೇ ಹೋದ್ರು, ಪುಣ್ಯವಂತರು. ಉದ್ದಣ್ಣನೂ ಹೋದ. ಈಗ ಕಟರ್ ಬಂದು ಗಾಡಿ ಓಡಿಸ್ತಾನೆ, ಅವನಿಗೂ ಕೂದಲು ನೆರೆತಿದೆ. ಸ್ಟ್ರೆಚರಿನ ಒಂದು ತುದಿ ಅವನು ಹಿಡೀತಾನೆ, ಒಂದು ತುದಿ ನಾನು. ಬೆಳಿಗ್ಗೆ ಹೊತ್ತು, ಜನ ಕಮ್ಮಿ ಇರುವಾಗ. ಸಂಜೆ ಇಲ್ಲಿ ಬಂದು ಕೂರೋದು ಬೇರೇನಕ್ಕೂ ಅಲ್ಲ ಮಗಳೇ. ಮನೆಗೆ ಹೋಗೋ ಮುಂಚೆ ಶೆಡ್ಡಿಗೆ ಹೋಗಿ, ನಾಳೆ ಬರ್ತೀನಿ ಅಂತ ಹೇಳಬೇಕು. ಹೇಳದಿದ್ರೆ ಮಗು ರಾತ್ರಿಯೆಲ್ಲ ಕೇಳ್ತಾ ಇರುತ್ತೆ."

"ಮಗು... ಇನ್ನೂ ಇಳಿದಿಲ್ವಾ?" ಎಂದಳು ನರ್ಸು.

"ಆ ಮಗು ಯಾವಾಗಲೋ ಇಳೀತು. ಇದು ಬೇರೆ."

"ಇನ್ನೂ ಎಷ್ಟು ಜನ ಇದಾರೆ ಅಜ್ಜಿ?"

"ಎಣಿಸೋಕೆ ಹೋಗಿಲ್ಲಮ್ಮ. ಎಣಿಸಿದ್ರೆ ಕಾಲು ಏಳಲ್ಲ."

ಕಿರಿಯ ಡ್ರೈವರ್ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. "ಅದೆಲ್ಲ ಹಳೇ ಕಾಲದ ಗಾಡಿ ಅಜ್ಜಿ," ಎಂದ. "ಈಗಿನ ನಮ್ಮ ಗಾಡಿಗಳಲ್ಲಿ ಅಂಥದ್ದೇನೂ ಇಲ್ಲ."

ಅಜ್ಜಿ ಗೋಡೆ ಹಿಡಿದು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಳೆಗೆ ಇಳಿಯುವ ಮುನ್ನ ಅವನ ಮುಖವನ್ನೂ ಹಿರಿಯ ಡ್ರೈವರನ ಮುಖವನ್ನೂ ಒಂದೊಂದಾಗಿ ನೋಡಿದಳು. ಹಿರಿಯವನು ತನ್ನ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

"ಇಲ್ವಾ? ಒಳ್ಳೇದಪ್ಪಾ," ಎಂದಳು. "ಆದ್ರೆ ಒಂದು ಮಾತು ಹೇಳು. ಹೋಗುವಾಗ ಸೈರನ್ ಹಾಕ್ತೀರಿ, ಅದು ನಿಮ್ಮ ಕೆಲಸ. ಪೇಶಂಟನ್ನ ಇಳಿಸಿ, ಖಾಲಿ ಗಾಡಿ ತಗೊಂಡು ಒಬ್ಬೊಬ್ಬರೇ ವಾಪಸ್ ಬರುವಾಗ... ನೀವೆಲ್ಲ ರೇಡಿಯೋನ ಅಷ್ಟು ಜೋರಾಗಿ ಹಾಕ್ಕೊಂಡು ಬರ್ತೀರಲ್ಲ, ಏನು ಕೇಳಿಸಬಾರ್ದು ಅಂತ?"